ಸೆಂಟು ಕೈಕೊಟ್ಟರೆ ಕೈಗುಣವನ್ನು ಬೈಯಬೇಡಿ

ದಾವಣಗೆರೆ ಮತ್ತು ಹರಿಹರದ ಸ್ವಸಹಾಯ ಸಂಘಗಳಲ್ಲಿ, ಮನೆಯ ಹಿತ್ತಲಲ್ಲಿ, ಅಡುಗೆಮನೆಯ ಮೂಲೆಯಲ್ಲಿ ಬಣ್ಣದ ಸೋಪು ಮಾಡುತ್ತಿರುವ ಅಕ್ಕ-ತಂಗಿಯರಿಗೆ,



ನಿಮ್ಮಲ್ಲಿ ಅನೇಕರು ನನಗೆ ಮುಖಪರಿಚಯ. ದುಗ್ಗಮ್ಮನ ಜಾತ್ರೆಯ ಮಳಿಗೆಗಳಲ್ಲಿ, ಸಂಘಗಳ ವಸ್ತುಪ್ರದರ್ಶನಗಳಲ್ಲಿ ನಿಮ್ಮ ಸೋಪಿನ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಮೂಸಿದ್ದೇನೆ, ಕೊಂಡು ಬಳಸಿದ್ದೇನೆ. ನೀಲಿಯೊಳಗೆ ಬಿಳಿ, ಬಿಳಿಯೊಳಗೆ ಗುಲಾಬಿ ಸುಳಿದುಹೋದ ಆ ಬಿಲ್ಲೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಅಂಗಡಿಯ ಸೋಪಿಗಿಂತ ಹೆಚ್ಚು ಬೆಲೆ ಕೊಟ್ಟು ಜನ ಕೊಳ್ಳುವುದು ಆ ಸುಳಿಗಾಗಿ, ಆ ಪರಿಮಳಕ್ಕಾಗಿ. ನಾನೂ ಇದೇ ಊರಿನಲ್ಲಿ ಸೋಪು ಮಾಡುವವಳು, ಕಲಿಯಲು ಬಂದವರಿಗೆ ಹೇಳಿಕೊಡುವವಳು. ಆ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಬರೆಯಲೇಬೇಕು ಅನ್ನಿಸಿದ್ದು ಹರಿಹರದ ಒಬ್ಬ ತಂಗಿಯ ಮಾತು ಕೇಳಿ. ಎಣ್ಣೆಗಳನ್ನು ಗ್ರಾಂ ಲೆಕ್ಕದಲ್ಲಿ ತೂಗಿದ್ದಳು. ಕಾಸ್ಟಿಕ್ ಸೋಡಾ ದ್ರಾವಣವನ್ನು ಆರಿಸಿದ್ದಳು. ಬಣ್ಣಗಳನ್ನು ಬೇರೆ ಬೇರೆ ಲೋಟದಲ್ಲಿ ಕಲಸಿ ಸಾಲಾಗಿ ಇಟ್ಟುಕೊಂಡಿದ್ದಳು. ಕೊನೆಗೆ ಮಲ್ಲಿಗೆ ಸೆಂಟು ಹಾಕಿ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಪಾತ್ರೆಯೊಳಗಿನದೆಲ್ಲ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಯಿತು. ಸುಳಿ ಎಳೆಯುವುದಿರಲಿ, ಅಚ್ಚಿಗೆ ಸುರಿಯಲೂ ಬರಲಿಲ್ಲ. ಆಗ ಅವಳು ಅಂದದ್ದು: "ನನ್ನ ಕೈಗುಣಾನೇ ಸರಿ ಇಲ್ಲಕ್ಕಾ. ಮನೇಲೂ ಹಿಂಗೇ ಅಂತಾರೆ."

ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅಮಾವಾಸ್ಯೆ ಎಂದವರಿದ್ದಾರೆ, ದೃಷ್ಟಿ ತಗುಲಿತು ಎಂದವರಿದ್ದಾರೆ. ಸಾಲ ತೆಗೆದು ಎಣ್ಣೆ ತಂದವರು ಅಲ್ಲಿಗೇ ಕೈಬಿಟ್ಟದ್ದೂ ಉಂಟು. ಅಕ್ಕಂದಿರೇ, ತಂಗಿಯರೇ, ನಿಮ್ಮ ಕೈಯಲ್ಲಿ ಯಾವ ದೋಷವೂ ಇಲ್ಲ. ಆ ಸೀಸೆಯೊಳಗೆ ಏನಿತ್ತು ಎಂಬುದನ್ನು ನಿಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನೀವು ಕೇಳಲೂ ಇಲ್ಲ, ಏಕೆಂದರೆ ಕೇಳಬಹುದು ಎಂದೇ ನಮಗೆ ಯಾರೂ ಕಲಿಸಿಲ್ಲ.

ಸೆಂಟು ಹಾಗೇಕೆ ಮಾಡುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ನಮ್ಮ ಊರುಗಳ ತರಬೇತಿಗಳಲ್ಲಿ ಬಹುಪಾಲು ಕಲಿಸುವುದು ಸೋಪ್ ಬೇಸ್ ಕರಗಿಸಿ, ಬಣ್ಣ ಸೆಂಟು ಹಾಕಿ, ಅಚ್ಚಿಗೆ ಹೊಯ್ಯುವುದನ್ನು. ಆ ಬೇಸ್ ಆಗಲೇ ಸೋಪಾಗಿ ಮುಗಿದಿರುವ ವಸ್ತು. ಅದರಲ್ಲಿ ಕಾಸ್ಟಿಕ್ ಉಳಿದಿರುವುದಿಲ್ಲ, ಆದ್ದರಿಂದ ಸೆಂಟು ಸುಮ್ಮನೆ ಬೆರೆಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿಯೂ ಸೋಪನ್ನು ಮೊದಲು ತಯಾರಿಸಿ, ಒಣಗಿಸಿ, ಶಾವಿಗೆಯ ತುಂಡುಗಳಾಗಿ ಮಾಡಿಕೊಂಡು ಆಮೇಲೆ ಪರಿಮಳ ಬೆರೆಸಿ ಅರೆಯುತ್ತಾರೆ. ನೀವು ಮನೆಯಲ್ಲಿ ಎಣ್ಣೆ ಮತ್ತು ಕಾಸ್ಟಿಕ್‌ನಿಂದ ತಣ್ಣನೆಯ ವಿಧಾನದಲ್ಲಿ ಮಾಡುವಾಗ ನಡೆಯುವುದೇ ಬೇರೆ. ಸೆಂಟು ಬೀಳುವುದು ಇನ್ನೂ ಸೋಪಾಗುತ್ತಿರುವ, ತೀಕ್ಷ್ಣ ಕ್ಷಾರ ತುಂಬಿದ ಹಿಟ್ಟಿನೊಳಕ್ಕೆ. ಸೆಂಟು ಎಂದರೆ ಒಂದು ವಸ್ತುವೂ ಅಲ್ಲ, ಹತ್ತಾರು ರಾಸಾಯನಿಕಗಳ ಮಿಶ್ರಣ. ಅವುಗಳಲ್ಲಿ ಕೆಲವು ಕ್ಷಾರದೊಡನೆ ತಾವೇ ಕೂಡಿಕೊಳ್ಳುತ್ತವೆ, ಕೆಲವು ಸೋಪಾಗುವ ವೇಗವನ್ನು ಹೆಚ್ಚಿಸುತ್ತವೆ. ಲವಂಗದ ಎಣ್ಣೆಯಲ್ಲಿರುವ ಯುಜಿನಾಲ್ ಇದಕ್ಕೆ ಹೆಸರಾದದ್ದು. ಹೂವಿನ ಪರಿಮಳಗಳಲ್ಲೂ ಅನೇಕವು ಹಾಗೆಯೇ. ಜೊತೆಗೆ ಸೆಂಟನ್ನು ತೆಳುವಾಗಿಸಲು ಯಾವ ದ್ರಾವಕ ಬೆರೆಸಿದ್ದಾರೆ ಎಂಬುದೂ ಒಂದು ಕಾರಣ.

ಹೀಗಾಗಿ ತರಬೇತಿಯಲ್ಲಿ ಚೆನ್ನಾಗಿ ನಡೆದುಕೊಂಡ ಅದೇ ಸೀಸೆ ಮನೆಯಲ್ಲಿ ಕೈಕೊಡುತ್ತದೆ. ಅಂಗಡಿಯವರು "ಯಾರೂ ಕಂಪ್ಲೇಂಟ್ ಹೇಳಿಲ್ಲಮ್ಮ" ಅಂದರೆ ಅದು ಸುಳ್ಳಾಗಿರಬೇಕಿಲ್ಲ. ಅವರಲ್ಲಿ ಕೊಳ್ಳುವ ಹೆಚ್ಚಿನವರು ಬೇಸ್‌ಗೆ, ಲೋಷನ್‌ಗೆ, ಮೇಣದಬತ್ತಿಗೆ ಹಾಕುವವರು.

ಗಟ್ಟಿಯಾಗುವುದು ಒಂದೇ ತೊಂದರೆಯಲ್ಲ. ಕೆಲವು ಸೆಂಟು ಹಾಕಿದೊಡನೆ ಹಿಟ್ಟಿನಲ್ಲಿ ಸಣ್ಣ ಸಣ್ಣ ಗಟ್ಟಿ ಕಾಳು ಏಳುತ್ತವೆ. ಕೆಲವಕ್ಕೆ ಎಣ್ಣೆ ಬೇರ್ಪಟ್ಟು ಮೇಲೆ ತೇಲುತ್ತದೆ. ಇನ್ನು ಕೆಲವು ಆ ದಿನ ಏನೂ ಮಾಡದೆ, ಅಚ್ಚಿನಿಂದ ತೆಗೆದ ಮೇಲೆ ದಿನದಿಂದ ದಿನಕ್ಕೆ ಸೋಪನ್ನು ಕಂದಾಗಿಸುತ್ತವೆ. ಇದು ವೆನಿಲಿನ್ ಎಂಬ ಪರಿಮಳವಸ್ತುವಿನ ಕೆಲಸ. ವೆನಿಲಾ, ಚಾಕೊಲೇಟ್, ಕ್ಯಾರಮೆಲ್ ಎಂದು ಹೆಸರಿದ್ದರೆ ಊಹಿಸಬಹುದು. ಆದರೆ ಹೂವಿನ ಹೆಸರಿನ, ಗಂಧದ ಹೆಸರಿನ ಸೆಂಟಿನಲ್ಲೂ ವೆನಿಲಿನ್ ಇರುತ್ತದೆ, ಸೀಸೆಯ ಮೇಲೆ ಬರೆದಿರುವುದಿಲ್ಲ. ಬಿಳಿ ಗುಲಾಬಿ ಸುಳಿಯ ಸೋಪು ತಿಂಗಳೊಳಗೆ ಪೂರ್ತಿ ಕಾಫಿ ಬಣ್ಣಕ್ಕೆ ತಿರುಗಿದಾಗ, ಹಳೆಯ ಎಣ್ಣೆ ಹಾಕಿದ್ದೀರಿ ಎಂದು ಗಿರಾಕಿ ಜಗಳಕ್ಕೆ ಬಂದದ್ದನ್ನು ನಾನೇ ನೋಡಿದ್ದೇನೆ. ಎಣ್ಣೆ ತಾಜಾ ಇತ್ತು. ಆ ಹೆಣ್ಣುಮಗಳಿಗೆ ಉತ್ತರ ಗೊತ್ತಿರಲಿಲ್ಲ.

ಇಂಥ ಉತ್ತರ ಸಿಗುವುದು ಪರೀಕ್ಷೆಯಿಂದ. ಮೈಸೂರ್ ಸ್ಯಾಂಡಲ್ ಸೋಪಿನ ಕಥೆ ನಮಗೆಲ್ಲ ಹೆಮ್ಮೆಯದು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಮರ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ, ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಮಾಡಿಸಿದರು. 1916ರ ಸುಮಾರಿನ ಮಾತು ಅದು. ಆಗ ಅವರು ಒಳ್ಳೆಯ ಕೈಗುಣದವರನ್ನು ಹುಡುಕಲಿಲ್ಲ. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಕಲಿಸಿದರು. ಜನ ಅವರನ್ನು ಸೋಪು ಶಾಸ್ತ್ರಿಗಳೆಂದೇ ಕರೆದರು. ಆ ಗಂಧದ ಸೋಪು ಹುಟ್ಟಿದ್ದು ಕಲಿಕೆಯಿಂದ, ಪರೀಕ್ಷೆಯಿಂದ. ನಮಗೆ ಪ್ರಯೋಗಾಲಯವಿಲ್ಲ ನಿಜ. ಆದರೆ ಪರೀಕ್ಷೆಗೆ ಬೇಕಾದದ್ದು ನಾಲ್ಕು ಸಣ್ಣ ಲೋಟ, ಒಂದು ಗಡಿಯಾರ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ, ಮತ್ತೆ ಒಂದು ನೋಟ್‌ಬುಕ್.

ಹೊಸ ಸೆಂಟು ತಂದ ದಿನ ಅದನ್ನು ದೊಡ್ಡ ಪಾತ್ರೆಗೆ ಹಾಕಬೇಡಿ. ನಿಮ್ಮ ಮಾಮೂಲಿ ಅಳತೆಯಲ್ಲೇ ಸ್ವಲ್ಪ ಹಿಟ್ಟು ಮಾಡಿಕೊಳ್ಳಿ. ಬ್ಲೆಂಡರ್ ಹೆಚ್ಚು ತಿರುಗಿಸದೆ, ತೆಳುವಾದ ಬೆಣ್ಣೆದೋಸೆ ಹಿಟ್ಟಿನ ಹದದಲ್ಲೇ ನಿಲ್ಲಿಸಿ. ಅದನ್ನು ಲೋಟಗಳಿಗೆ ಹಂಚಿ. ಒಂದು ಲೋಟಕ್ಕೆ ಏನೂ ಹಾಕಬೇಡಿ, ಅದು ಹೋಲಿಸಿ ನೋಡಲು. ಉಳಿದ ಒಂದೊಂದಕ್ಕೆ ಒಂದೊಂದು ಸೆಂಟು, 100 ಗ್ರಾಂ ಎಣ್ಣೆಗೆ 3 ಗ್ರಾಂ ಲೆಕ್ಕದಲ್ಲಿ. ಚಮಚದಿಂದ ಕಲಸಿ ಗಡಿಯಾರ ನೋಡಿ. ಒಂದು ನಿಮಿಷಕ್ಕೆ ಏನಾಯಿತು, ಐದಕ್ಕೆ ಏನಾಯಿತು, ಹದಿನೈದಕ್ಕೆ ಏನಾಯಿತು, ಬರೆಯಿರಿ. ಕಾಲು ಗಂಟೆ ಸಡಿಲವಾಗಿ ಉಳಿದರೆ ಅದು ಸುಳಿ ಎಳೆಯಲು ಯೋಗ್ಯ. ಎರಡು ನಿಮಿಷಕ್ಕೇ ಬಿಗಿದರೆ ಅದನ್ನು ಒಂದೇ ಬಣ್ಣದ ಸೋಪಿಗೆ ಇಟ್ಟುಕೊಳ್ಳಿ. ಆಮೇಲೆ ಆ ಲೋಟದ ತುಂಡುಗಳನ್ನು ನಾಲ್ಕು ವಾರ ಗಾಳಿಯಾಡುವ ಕಡೆ ಇಟ್ಟು ಬಣ್ಣ ನೋಡಿ, ಮೂಸಿ ನೋಡಿ. ಪರಿಮಳ ಹಾರಿಹೋಗುವ ಸೆಂಟುಗಳೂ ಇವೆ. ಸೋಪು ಪಕ್ವವಾಗಲು ಹೇಗೂ ನಾಲ್ಕರಿಂದ ಆರು ವಾರ ಬೇಕು, ಆದ್ದರಿಂದ ಈ ಕಾಯುವಿಕೆ ನಷ್ಟವಲ್ಲ.

ಇನ್ನು ನೋಟ್‌ಬುಕ್ಕಿನ ಮಾತು. ನಿಮ್ಮ ಸಂಘದಲ್ಲಿ ಉಳಿತಾಯದ ಪುಸ್ತಕ ಇದೆ, ಸಾಲದ ಪುಸ್ತಕ ಇದೆ, ನಡವಳಿ ಪುಸ್ತಕ ಇದೆ. ವಾರ ತಪ್ಪದೆ ಬರೆಯುತ್ತೀರಿ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಹೆಣ್ಣುಮಕ್ಕಳು ಲೆಕ್ಕ ಬರೆಯುವ ಶಿಸ್ತಿನಲ್ಲಿ ಯಾವ ಬ್ಯಾಂಕಿಗೂ ಕಡಿಮೆಯಿಲ್ಲ ಎಂದು ತೋರಿಸಿದ್ದಾರೆ. ಆ ಶಿಸ್ತಿಗೆ ಇನ್ನೊಂದು ಪುಸ್ತಕ ಸೇರಿಸಿ ಎಂದು ಬೇಡುತ್ತೇನೆ: ಸೆಂಟಿನ ಪುಸ್ತಕ. ಸೀಸೆಯ ಹೆಸರು, ಎಲ್ಲಿ ತಂದದ್ದು, ಯಾವ ತಾರೀಖು, ಬ್ಯಾಚ್ ನಂಬರು, ಎಷ್ಟು ನಿಮಿಷಕ್ಕೆ ಬಿಗಿಯಿತು, ತಿಂಗಳ ಮೇಲೆ ಯಾವ ಬಣ್ಣ, ಪರಿಮಳ ಉಳಿಯಿತೇ. ಹೆಸರು ಒಂದೇ ಇದ್ದರೂ ಬ್ಯಾಚ್ ಬದಲಾದರೆ ಮತ್ತೆ ಲೋಟದ ಪರೀಕ್ಷೆ ಮಾಡಿ. ಸಣ್ಣ ಸೀಸೆಗೆ ತುಂಬಿ ಮಾರುವವರು ದೊಡ್ಡ ಡ್ರಮ್ಮನ್ನು ಬೇರೆ ಕಡೆಯಿಂದ ತರಿಸಿದರೆ ನಿಮಗೆ ತಿಳಿಯುವ ದಾರಿಯೇ ಇಲ್ಲ.

ಮತ್ತೆ, ಅದನ್ನು ಮುಚ್ಚಿಡಬೇಡಿ. ನಮ್ಮಲ್ಲಿ ಒಂದು ಸಂಘ ಇನ್ನೊಂದಕ್ಕೆ ಹೇಳದಿರುವ ಅಭ್ಯಾಸ ಬೆಳೆದಿದೆ. ವಿನೋಬನಗರದವರು ಕೆಡಿಸಿಕೊಂಡ ಸೆಂಟನ್ನೇ ನಿಟ್ಟುವಳ್ಳಿಯವರು ದುಡ್ಡು ಕೊಟ್ಟು ತಂದು ಕೆಡಿಸಿಕೊಳ್ಳುವುದರಲ್ಲಿ ಯಾರಿಗೂ ಲಾಭವಿಲ್ಲ. ಸುಳಿ ಎಳೆಯುವ ನಿಮ್ಮ ಕೈಚಳಕ ನಿಮ್ಮದೇ ಆಗಿರಲಿ. ಯಾವ ಸೀಸೆ ಬಿಗಿಯುತ್ತದೆ ಎಂಬ ಮಾಹಿತಿ ಮಾತ್ರ ಎಲ್ಲರದಾಗಲಿ. ಸಂಘಗಳ ಒಕ್ಕೂಟದ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಇಡಿ.

ಪುಸ್ತಕ ಕೈಯಲ್ಲಿದ್ದರೆ ಅಂಗಡಿಯ ಮುಂದೆ ನೀವು ನಿಲ್ಲುವ ರೀತಿ ಬದಲಾಗುತ್ತದೆ. ಒಬ್ಬರೇ 100 ಮಿಲಿ ಕೊಳ್ಳುವಾಗ ಕೇಳಿದರೆ ಉತ್ತರ ಬರದಿರಬಹುದು. ಹತ್ತು ಸಂಘ ಸೇರಿ ಲೀಟರ್‌ಗಟ್ಟಲೆ ಕೊಳ್ಳುವಾಗ ಕೇಳಿ: ಇದು ಮೈಗೆ ಬಳಸುವ ಸೆಂಟೇ, ತಣ್ಣನೆಯ ವಿಧಾನದ ಸೋಪಿನಲ್ಲಿ ಪರೀಕ್ಷೆ ಮಾಡಿದ್ದೀರಾ, ವೆನಿಲಿನ್ ಶೇಕಡಾ ಎಷ್ಟು, ಇಫ್ರಾ ಪ್ರಮಾಣಪತ್ರ ಎಲ್ಲಿ. ಇಫ್ರಾ ಎಂಬುದು 1973ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸುಗಂಧ ಸಂಸ್ಥೆ. ಯಾವ ಬಗೆಯ ವಸ್ತುವಿಗೆ ಒಂದು ಸೆಂಟನ್ನು ಗರಿಷ್ಠ ಎಷ್ಟು ಹಾಕಬಹುದು ಎಂಬ ಮಿತಿ ಆ ಪತ್ರದಲ್ಲಿರುತ್ತದೆ. ಅದರಲ್ಲಿ ಒಂಬತ್ತನೇ ವರ್ಗ ನೋಡಿ, ತೊಳೆದುಹೋಗುವ ಸೋಪು ಬರುವುದು ಅಲ್ಲಿ. ಅಲ್ಲಿ ಶೇಕಡಾ 1 ಎಂದಿದ್ದರೆ 3 ಹಾಕಬೇಡಿ, ಪರಿಮಳ ಸಾಲದು ಎಂದು ಗಿರಾಕಿ ಹೇಳಿದರೂ ಹಾಕಬೇಡಿ. ಬಿಲ್ಲಿಲ್ಲದ, ಬ್ಯಾಚ್ ನಂಬರಿಲ್ಲದ ಸೀಸೆಯನ್ನು ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ.

ಒಂದು ವಿಷಯದಲ್ಲಿ ಮಾತ್ರ ಕಟುವಾಗಿ ಹೇಳುತ್ತೇನೆ, ಕ್ಷಮಿಸಿ. ಅಗರಬತ್ತಿಗೆ ಅದ್ದುವ ಸೆಂಟನ್ನು, ರೂಮಿಗೆ ಹೊಡೆಯುವ ಸೆಂಟನ್ನು ಸೋಪಿಗೆ ಹಾಕುವುದನ್ನು ನಿಲ್ಲಿಸಿ. ಉರಿದು ಹೊಗೆಯಾಗಲೆಂದು ಮಾಡಿದ ಸೆಂಟನ್ನು ಚರ್ಮದ ಮೇಲೆ ಯಾರೂ ಪರೀಕ್ಷಿಸಿರುವುದಿಲ್ಲ. ನಮ್ಮ ಸೋಪು ಬಾಣಂತಿಯರಿಗೂ ಕೂಸುಗಳಿಗೂ ಹೋಗುತ್ತದೆ. ಹೋಳಿಯ ಬಣ್ಣ, ರಂಗೋಲಿ ಪುಡಿ, ಬಟ್ಟೆಯ ಬಣ್ಣಕ್ಕೂ ಇದೇ ಮಾತು. ಸೌಂದರ್ಯವರ್ಧಕಗಳಲ್ಲಿ ಬಳಸಬಹುದಾದ ಬಣ್ಣಗಳ ಪಟ್ಟಿ ಐಎಸ್ 4707 ಎಂಬ ಭಾರತೀಯ ಮಾನಕದಲ್ಲಿದೆ. ಬಣ್ಣ ಕೊಳ್ಳುವಾಗ ಅದರ ಹೆಸರೆತ್ತಿ ಕೇಳಿ.

ಬಣ್ಣವೂ ಸೆಂಟಿನ ಹಾಗೆಯೇ ಕ್ಷಾರದ ಮಾತು ಕೇಳುತ್ತದೆ. ಇದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡಿದವರು ನಾವು. ಸೋಪಿನ ಹಿಟ್ಟಿಗೆ ಬಿದ್ದ ಅರಿಶಿನ ಕೆಂಪಗಾಗುವುದು ಅದೇ ಕಾರಣಕ್ಕೆ. ಬೀಟ್‌ರೂಟಿನ ಕೆಂಪು ಕಂದಾಗುತ್ತದೆ, ದಾಸವಾಳದ ಬಣ್ಣ ಮಂಕಾಗುತ್ತದೆ. ಕಬ್ಬಿಣದ ಆಕ್ಸೈಡಿನ ಕೆಂಪು ಹಳದಿಗಳು, ಅಲ್ಟ್ರಾಮರೀನ್ ನೀಲಿ, ಇದ್ದಿಲಿನ ಕಪ್ಪು ನಿಲ್ಲುತ್ತವೆ. ಮೈಕಾದಲ್ಲಿ ಕೆಲವು ನಿಲ್ಲುತ್ತವೆ, ಕೆಲವು ತಿರುಗುತ್ತವೆ. ಲೋಟದ ಪರೀಕ್ಷೆ ಅದಕ್ಕೂ ಆದೀತು.

ಸುಳಿ ಬೇಕೆಂದ ದಿನ ಎಲ್ಲವನ್ನೂ ನಿಧಾನದ ಕಡೆಗೆ ಜರುಗಿಸಿ. ಏಪ್ರಿಲ್, ಮೇ ತಿಂಗಳ ನಮ್ಮೂರಿನ ಬಿಸಿಲಿನಲ್ಲಿ ಹಿಟ್ಟು ತಾನಾಗಿಯೇ ಬೇಗ ಬಿಗಿಯುತ್ತದೆ, ಬೆಳಗಿನ ತಂಪಿನಲ್ಲಿ ಮಾಡಿ. ದ್ರಾವಣವೂ ಎಣ್ಣೆಯೂ 35-40 ಡಿಗ್ರಿಗೆ ಇಳಿಯಲಿ. ಹರಳೆಣ್ಣೆ ಹೆಚ್ಚಾದರೆ ವೇಗ ಹೆಚ್ಚುತ್ತದೆ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣದ ಅಂಶ ಸೋಪನ್ನು ಕೆಡಿಸುತ್ತದೆ, ಡಿಸ್ಟಿಲ್ಡ್ ನೀರು ತನ್ನಿ. ಸೆಂಟನ್ನು ಕೊನೆಗೆ ಹಾಕಿ, ಕೈಯಿಂದಲೇ ಕಲಸಿ, ಆಮೇಲೆ ಬ್ಲೆಂಡರ್ ಮುಟ್ಟಬೇಡಿ. ವೆನಿಲಿನ್ ಇರುವ ಸೆಂಟಾದರೆ ಅದು ಕಂದಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಆ ಕಂದನ್ನೇ ಸುಳಿಯ ಒಂದು ಬಣ್ಣವಾಗಿ ಬಳಸಿ. ಪಕ್ಕದ ಬಿಳಿಗೂ ಅದು ನಿಧಾನವಾಗಿ ಹರಡೀತು ಎಂಬುದು ನೆನಪಿರಲಿ.

ಇಷ್ಟಾದರೂ ಗಟ್ಟಿಯಾಯಿತೇ? ಚರಂಡಿಗೆ ಸುರಿಯಬೇಡಿ. ಸ್ಟೀಲಿನ ಪಾತ್ರೆಯಲ್ಲಿ ಹಾಕಿ, ಬಿಸಿನೀರಿನ ಇನ್ನೊಂದು ಪಾತ್ರೆಯೊಳಗೆ ಇಟ್ಟು, ಮುಚ್ಚಿ, ಮೆತ್ತಗೆ ಅರೆಪಾರದರ್ಶಕವಾಗುವವರೆಗೆ ಬೇಯಿಸಿ ಅಚ್ಚಿಗೆ ಒತ್ತಿ. ಸುಳಿ ಹೋಯಿತು, ಸೋಪು ಉಳಿಯಿತು. ಎಣ್ಣೆ ಬೇರ್ಪಟ್ಟದ್ದನ್ನು ಮಾತ್ರ ಹಾಗೇ ಕತ್ತರಿಸಿ ಮಾರಬೇಡಿ, ಒಳಗೆ ಕಾಸ್ಟಿಕ್ ಗೂಡುಗಟ್ಟಿರಬಹುದು. ಪಿಎಚ್ ಕಾಗದದಲ್ಲಿ 9-10 ಬಂದರೆ ಮಾಮೂಲು, 11 ದಾಟಿದರೆ ಗಿರಾಕಿಯ ಕೈಗೆ ಹೋಗಕೂಡದು.

ಕಾಸ್ಟಿಕ್ ವಿಷಯ ಹರಿಹರದವರಿಗೆ ಹೊಸದೇನಲ್ಲ. ಹೊಳೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನೂಲಿನ ನಾರು ತೆಗೆಯುವ ಕೆಲಸಕ್ಕೆ ಬೇಕಾಗುವುದು ಇದೇ ಕಾಸ್ಟಿಕ್. ನಿಮ್ಮ ಮನೆಯಲ್ಲಿ ಅಲ್ಲಿ ದುಡಿದವರಿದ್ದರೆ ಕೇಳಿ, ಕನ್ನಡಕ, ಕೈಗವಸು ಇಲ್ಲದೆ ಅದರ ಹತ್ತಿರ ಯಾರೂ ಹೋಗುವುದಿಲ್ಲ. ನೀವೂ ಹೋಗಬೇಡಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ತೆಂಗಿನೆಣ್ಣೆ ಕಿಲೋಗೆ ಸುಮಾರು 183 ಗ್ರಾಂ ಕಾಸ್ಟಿಕ್ ಹಿಡಿಯುತ್ತದೆ, ಹರಳೆಣ್ಣೆ ಸುಮಾರು 128 ಗ್ರಾಂ. ಆದ್ದರಿಂದ ಒಂದು ಎಣ್ಣೆ ಸಿಗಲಿಲ್ಲವೆಂದು ಇನ್ನೊಂದನ್ನು ಹಾಕುವಾಗ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು. ಹಿಟ್ಟು ಬಿಗಿಯುತ್ತಿರುವಾಗಲೇ ಗಾಬರಿಯಿಂದ, ಅವಸರಕ್ಕೆ ಕೈಗವಸು ಕಿತ್ತೆಸೆಯುವುದು, ಕೈಯಲ್ಲೇ ಒತ್ತುವುದು. ಸುಟ್ಟುಕೊಂಡವರ ಕೈಗಳನ್ನು ನೋಡಿದ್ದೇನೆ. ಸೋಪು ಹೋದರೆ ಹೋಗಲಿ.

ಮಾರಾಟಕ್ಕೆ ಸ್ನಾನದ ಸೋಪು ಮಾಡುವುದು ಸೌಂದರ್ಯವರ್ಧಕದ ತಯಾರಿಕೆ. 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ಅದಕ್ಕೆ ಪರವಾನಗಿ ಬೇಕು. ಒಬ್ಬೊಬ್ಬರಿಗೆ ಇದು ಭಾರವಾದರೆ ಸಂಘಗಳು ಕೂಡಿ ಒಂದೇ ತಯಾರಿಕಾ ಕೋಣೆ ಮಾಡಿಕೊಂಡು ಅರ್ಜಿ ಹಾಕುವ ದಾರಿಯನ್ನು ಒಕ್ಕೂಟದಲ್ಲಿ ಚರ್ಚಿಸಿ. ಹೊದಿಕೆಯ ಮೇಲೆ ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದು ಎಂದು ಬರೆಯಿರಿ. ಕಜ್ಜಿ ಹೋಗುತ್ತದೆ, ತೊನ್ನು ಹೋಗುತ್ತದೆ ಎಂದು ಬರೆಯಬೇಡಿ. ಅದು ಸತ್ಯವೂ ಅಲ್ಲ, ಕಾನೂನೂ ಒಪ್ಪುವುದಿಲ್ಲ.

ನನ್ನ ಕೋರಿಕೆ ಇಷ್ಟು. ಈ ತಿಂಗಳು ನಿಮ್ಮ ಬಳಿ ಇರುವ ಸೆಂಟಿನ ಸೀಸೆಗಳನ್ನೆಲ್ಲ ಒಂದು ಕಡೆ ಇಟ್ಟು ಲೋಟದ ಪರೀಕ್ಷೆ ಮಾಡಿ, ಪುಸ್ತಕದಲ್ಲಿ ಬರೆಯಿರಿ, ಮುಂದಿನ ಒಕ್ಕೂಟದ ಸಭೆಗೆ ಆ ಪುಸ್ತಕ ತನ್ನಿ. ನನ್ನದನ್ನೂ ತರುತ್ತೇನೆ, ಬೇಕಾದವರು ನಕಲು ಮಾಡಿಕೊಳ್ಳಿ. ಮುಂದಿನ ಸಲ ಸೆಂಟು ಕೊಳ್ಳಲು ಎಲ್ಲರೂ ಸೇರಿ ಒಂದೇ ಪಟ್ಟಿ ಹಿಡಿದು ಹೋಗೋಣ, ಮಾಹಿತಿ ಕೊಡುವ ಅಂಗಡಿಯಲ್ಲೇ ಕೊಳ್ಳೋಣ.

ಇತಿ,
ನಿಮ್ಮ ವಿಶ್ವಾಸಿ,
ಸೋಪು ತಯಾರಿಸುವ ಒಬ್ಬ ಸಹೋದರಿ
ದಾವಣಗೆರೆ